ಜಾರದೆ ನಿಂತ ಚೀಲದ ಲೆಕ್ಕ

(ಶಿರಸಿಯಲ್ಲಿ ಪಿಯು ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಇಲ್ಲಿಗೆ ಬರುವಾಗ ದಾರಿಯಲ್ಲಿ ಅಡಿಕೆ ಚೀಲ ತುಂಬುತ್ತಿದ್ದ ಒಂದು ಲಾರಿ ನೋಡಿದೆ. ಲಾರಿಯ ಹಿಂಬದಿಗೆ ಒಂದು ಹಲಗೆ ಕೊಟ್ಟಿದ್ದರು. ಹಮಾಲರೊಬ್ಬರು ಚೀಲವನ್ನು ಹಲಗೆಯ ಅರ್ಧದವರೆಗೆ ದೂಡಿ ಕೈ ಬಿಟ್ಟರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಪಕ್ಕದವರ ಹತ್ತಿರ ಎರಡು ಮಾತಾಡಿದರು. ಅಷ್ಟು ಹೊತ್ತೂ ಚೀಲ ಅಲ್ಲೇ ಇತ್ತು. ಯಾರೂ ಹಿಡಿದಿರಲಿಲ್ಲ. ಆಮೇಲೆ ಅವರು ಮತ್ತೆ ಕೈ ಕೊಟ್ಟು ಮೇಲೆ ದೂಡಿದರು.

ಇವತ್ತಿನ ಮಾತೆಲ್ಲ ಆ ಚೀಲದ ಬಗ್ಗೆ. ಅದು ಯಾಕೆ ಜಾರಲಿಲ್ಲ? ಜಾರಿದ್ದರೆ ಎಷ್ಟು ಜೋರಾಗಿ ಬರುತ್ತಿತ್ತು? ಮೇಲೆ ದೂಡಲು ಅವರಿಗೆ ಎಷ್ಟು ಬಲ ಬೇಕಾಯಿತು?

ನಾನು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು. ಈ ಪಾಠದಲ್ಲಿ ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಗೊತ್ತಾಗಿದೆ. ಜಾರುವ ವಸ್ತುವಿನ ಲೆಕ್ಕ ಹೆಚ್ಚಿನವರು ಸರಿ ಮಾಡುತ್ತಾರೆ. ಸುಮ್ನೆ ನಿಂತಿರುವ ವಸ್ತುವಿನ ಲೆಕ್ಕದಲ್ಲೇ ತಪ್ಪು ಜಾಸ್ತಿ.

ಮೊದಲು ಬೋರ್ಡಿನ ಮೇಲೆ ಹಲಗೆ ಬರೆಯುತ್ತೇನೆ. ಅದರ ಮೇಲೆ ಚೀಲ. ಈಗ ಹೇಳಿ, ಚೀಲದ ಮೇಲೆ ಎಷ್ಟು ಬಲಗಳಿವೆ? ಅಲ್ಲಿಂದ ನಾಲ್ಕು ಅಂತ ಕೇಳಿಸಿತು. ತೂಕ, ಹಲಗೆ ಕೊಡುವ ಒತ್ತು, ಘರ್ಷಣೆ, ಆಮೇಲೆ ಕೆಳಗೆ ಎಳೆಯುವ ಬಲ. ಸರಿ, ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳೋಣ. ಇದನ್ನು ಕೊಡುತ್ತಿರುವವರು ಯಾರು? ತೂಕವನ್ನು ಕೊಡುವುದು ಭೂಮಿ. ಒತ್ತು ಕೊಡುವುದು ಹಲಗೆ. ಘರ್ಷಣೆಯನ್ನು ಕೊಡುವುದೂ ಹಲಗೆಯೇ. ಕೆಳಗೆ ಎಳೆಯುವ ಬಲವನ್ನು ಕೊಡುವುದು ಯಾರು? ಉತ್ತರ ಬರಲಿಲ್ಲ, ಅಲ್ವಾ? ಅದು ಬೇರೆ ಬಲವೇ ಅಲ್ಲ. ಭೂಮಿ ಕೊಟ್ಟ ತೂಕದ್ದೇ ಒಂದು ಭಾಗ. ಅದನ್ನು ಬೇರೆ ಬಾಣವಾಗಿ ಬರೆದರೆ ಒಂದೇ ಬಲವನ್ನು ಎರಡು ಸಲ ಎಣಿಸಿದಂತಾಯಿತು. ಈ ಚಿತ್ರದಲ್ಲಿ ಇರಬೇಕಾದ್ದು ಮೂರೇ ಬಾಣ.

ಕೊಡುವವರ ಹೆಸರು ಹೇಳಲಿಕ್ಕೆ ಬರದ ಬಾಣವನ್ನು ಚಿತ್ರದಲ್ಲಿ ಇಡಬೇಡಿ. ಸೂತ್ರ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಈಗ ತೂಕವನ್ನು ಎರಡು ಭಾಗ ಮಾಡಬೇಕು. ಒಂದು ಹಲಗೆಯ ಉದ್ದಕ್ಕೆ, ಇನ್ನೊಂದು ಹಲಗೆಗೆ ನೇರ ಒಳಮುಖವಾಗಿ. ಯಾವುದಕ್ಕೆ ಸೈನ್, ಯಾವುದಕ್ಕೆ ಕಾಸ್? ಇದನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಅದಲು ಬದಲು ಮಾಡುತ್ತಾರೆ. ಬಾಯಿಪಾಠ ಬೇಡ. ಹಲಗೆಯನ್ನು ಮನಸ್ಸಿನಲ್ಲೇ ನೆಲದ ಮೇಲೆ ಮಲಗಿಸಿ. ಕೋನ ಸೊನ್ನೆ. ಆಗ ಚೀಲವನ್ನು ಉದ್ದಕ್ಕೆ ಎಳೆಯುವುದು ಏನೂ ಇಲ್ಲ. ಸೈನ್ ಸೊನ್ನೆ ಅಂದರೆ ಸೊನ್ನೆ. ಹಾಗಾಗಿ ಉದ್ದದ ಭಾಗಕ್ಕೆ ಸೈನ್. ಹಲಗೆ ಮಲಗಿರುವಾಗ ಪೂರ್ತಿ ತೂಕ ಹಲಗೆಯ ಮೇಲೇ ಬೀಳುತ್ತದೆ. ಕಾಸ್ ಸೊನ್ನೆ ಅಂದರೆ ಒಂದು. ಹಾಗಾಗಿ ಒತ್ತುವ ಭಾಗಕ್ಕೆ ಕಾಸ್. ಇನ್ನು ಹಲಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ನೋಡಿ. ಅಲ್ಲೂ ಇದು ಸರಿ ಬರುತ್ತದೆ.

ಹಲಗೆ ನೆಲದ ಜೊತೆ ಮಾಡುವ ಕೋನವೇ ಚಿತ್ರದ ಮೇಲ್ಗಡೆ, ಬಾಣಗಳ ನಡುವೆ ಹೇಗೆ ಬಂತು ಅಂತ ಕೆಲವರಿಗೆ ಅನುಮಾನ ಇರುತ್ತದೆ. ನನ್ನ ಅಂಗೈ ನೋಡಿ. ಅಂಗೈಯೇ ಹಲಗೆ. ಅದರ ಮೇಲೆ ನೆಟ್ಟಗೆ ಈ ಪೆನ್ಸಿಲ್ ನಿಲ್ಲಿಸಿದ್ದೇನೆ. ಅಂಗೈಯನ್ನು 30 ಡಿಗ್ರಿ ವಾಲಿಸಿದೆ. ಪೆನ್ಸಿಲ್ ಕೂಡ 30 ಡಿಗ್ರಿಯೇ ವಾಲಿತು. ಭೂಮಿಯ ಎಳೆತ ಮಾತ್ರ ಮೊದಲಿನ ಹಾಗೇ ನೇರ ಕೆಳಗೆ. ಎರಡರ ನಡುವೆ ಈಗ 30 ಡಿಗ್ರಿ. ತ್ರಿಭುಜದ ಪ್ರಮೇಯ ಏನೂ ಬೇಕಾಗಲಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಚೀಲ 50 ಕೆಜಿ ಅಂತ ಇಟ್ಟುಕೊಳ್ಳೋಣ. ತೂಕ 50 ಗುಣಿಸು 9.8 (ಭೂಮಿಯ ಎಳೆತದ ಸಂಖ್ಯೆ), ಅಂದರೆ 490 ನ್ಯೂಟನ್ (ಬಲದ ಅಳತೆ). ಹಲಗೆ 30 ಡಿಗ್ರಿ. ಉದ್ದಕ್ಕೆ 490 ಗುಣಿಸು 0.5, ಅಂದರೆ 245 ನ್ಯೂಟನ್. ಒತ್ತುವ ಭಾಗ 490 ಗುಣಿಸು 0.866, ಅಂದರೆ 424 ನ್ಯೂಟನ್. ಹಲಗೆ ಚೀಲಕ್ಕೆ ಕೊಡುವ ಒತ್ತು ಕೂಡ ಅಷ್ಟೇ, 424. ಅದು 490 ಅಲ್ಲ. ಹಲಗೆ ವಾಲಿದ ಮೇಲೆ ಒತ್ತು ತೂಕಕ್ಕೆ ಸಮ ಇರುವುದಿಲ್ಲ. ಅರ್ಧ ತರಗತಿ ತಪ್ಪುವುದು ಇಲ್ಲಿ.

ಹಿಂದೆ ಒಬ್ಬ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಕೇಳಿದ್ದಳು: "ಸರ್, 245 ಮತ್ತು 424 ಕೂಡಿಸಿದರೆ 669 ಆಗ್ತದೆ. ಇದ್ದದ್ದೇ 490. ಹೆಚ್ಚಿಗೆ ಎಲ್ಲಿಂದ ಬಂತು?" ತುಂಬಾ ಒಳ್ಳೆಯ ಪ್ರಶ್ನೆ. ಮನೆಯ ಮೆಟ್ಟಿಲಿನಿಂದ ಮೂರು ಹೆಜ್ಜೆ ಮುಂದೆ ಹೋಗಿ, ತಿರುಗಿ ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ. ನಡೆದದ್ದು ಏಳು ಹೆಜ್ಜೆ. ಮೆಟ್ಟಿಲಿನಿಂದ ನಿಮಗೆ ಇರುವ ದೂರ ಐದೇ ಹೆಜ್ಜೆ. ಬಲಗಳೂ ಹಾಗೆ. ದಿಕ್ಕು ಬೇರೆ ಇದ್ದಾಗ ಅಂಗಡಿ ಲೆಕ್ಕದ ಹಾಗೆ ಕೂಡಿಸಬಾರದು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ, 490 ವಾಪಸ್ ಬರುತ್ತದೆ.

ಸೈನ್ ಕಾಸ್ ಹೆಸರು ಎತ್ತದೆ ಇದನ್ನೇ ಸಾಧಿಸಿ ತೋರಿಸಿದ ಒಬ್ಬರಿದ್ದಾರೆ. ಅವರ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಹೆಸರು ಸೈಮನ್ ಸ್ಟೆವಿನ್. ಈಗಿನ ಬೆಲ್ಜಿಯಂನ ಬ್ರೂಜ್ ಊರಿನವರು. 1586ರಲ್ಲಿ ಅವರು ಒಂದು ಚಿತ್ರ ಬರೆದರು. ಮನೆಯ ಮಾಡಿನ ಆಕಾರದ ಒಂದು ತ್ರಿಭುಜ. ಅದರ ಒಂದು ಇಳಿಜಾರು ಇನ್ನೊಂದರ ಎರಡರಷ್ಟು ಉದ್ದ. ಸಮ ಅಂತರದಲ್ಲಿ ಗುಂಡು ಪೋಣಿಸಿದ ಒಂದು ಸರ. ತುದಿಗೆ ತುದಿ ಕಟ್ಟಿದ ಸರ, ನಮ್ಮ ಹೂಮಾಲೆಯ ಹಾಗೆ. ಅದನ್ನು ತ್ರಿಭುಜದ ಮೇಲೆ ಹಾಕಿದರು. ಉದ್ದದ ಇಳಿಜಾರಿನ ಮೇಲೆ ನಾಲ್ಕು ಗುಂಡು, ಗಿಡ್ಡ ಇಳಿಜಾರಿನ ಮೇಲೆ ಎರಡು. ಉಳಿದವು ಕೆಳಗೆ ಜೋಲುತ್ತಿವೆ.

ಈಗ ಆ ಸರ ತಾನಾಗಿಯೇ ಒಂದು ಕಡೆ ಜಾರುತ್ತದಾ? ಜಾರಿತು ಅಂತಲೇ ಇಟ್ಟುಕೊಳ್ಳಿ. ಒಂದು ಗುಂಡು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಚಿತ್ರ ಮೊದಲಿನ ಹಾಗೇ ಇರುತ್ತದೆ. ಹಾಗಾದರೆ ಮತ್ತೆ ಜಾರಬೇಕು, ಮತ್ತೆ ಮತ್ತೆ. ಯಾರೂ ತಿರುಗಿಸದೆ ಸರ ಕೊನೆಯಿಲ್ಲದೆ ಸುತ್ತುತ್ತಲೇ ಇರಬೇಕು. ಅದು ಆಗುವ ಮಾತಲ್ಲ. ಹಾಗಾಗಿ ಸರ ನಿಂತೇ ಇರುತ್ತದೆ. ಕೆಳಗೆ ಜೋಲುವ ಭಾಗ ಎರಡೂ ಕಡೆಗೆ ಸಮವಾಗಿ ಎಳೆಯುತ್ತದೆ. ಅದನ್ನು ಕತ್ತರಿಸಿ ತೆಗೆದರೂ ಮೇಲಿನದು ಅಲುಗಾಡಬಾರದು. ಅಂದರೆ ಉದ್ದದ ಇಳಿಜಾರಿನ ನಾಲ್ಕು ಗುಂಡನ್ನು ಗಿಡ್ಡ ಇಳಿಜಾರಿನ ಎರಡೇ ಗುಂಡು ಹಿಡಿದು ನಿಲ್ಲಿಸಿವೆ. ಎತ್ತರ ಒಂದೇ ಇದ್ದು, ಇಳಿಜಾರು ಎರಡರಷ್ಟು ಉದ್ದವಾದರೆ ಒಂದೊಂದು ಗುಂಡಿನ ಎಳೆತ ಅರ್ಧ. ಎತ್ತರವನ್ನು ಉದ್ದದಿಂದ ಭಾಗಿಸುವುದು ಅಂದರೇನು? ಅದೇ ಸೈನ್. ನಾನು ಇದನ್ನು ಮೊದಲು ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ. ಒಂದು ಸರ, ಒಂದು ಮಾಡು, ಒಂದು ಯೋಚನೆ. ಅಷ್ಟರಲ್ಲೇ ನಿಯಮ ಕೈಗೆ ಸಿಕ್ಕಿತು.

ವಾಪಸ್ ಚೀಲಕ್ಕೆ ಬರೋಣ. ಉದ್ದಕ್ಕೆ 245 ನ್ಯೂಟನ್ ಎಳೆಯುತ್ತಿದೆ, ಆದರೂ ಚೀಲ ನಿಂತಿದೆ. ಹಾಗಾದರೆ ಘರ್ಷಣೆ ಎಷ್ಟು?

ಗೋಣಿಗೂ ಹಲಗೆಗೂ ಸ್ಥಿರ ಘರ್ಷಣೆಯ ಗುಣಾಂಕ, ಅಂದರೆ ಹಿಡಿತ ಎಷ್ಟು ಅಂತ ಹೇಳುವ ಸಂಖ್ಯೆ ಮ್ಯೂ, 0.6 ಅಂತ ಇಟ್ಟುಕೊಳ್ಳಿ. ಪುಸ್ತಕ ಓದಿದವರು ತಕ್ಷಣ ಮ್ಯೂ ಗುಣಿಸು ಒತ್ತು ಅಂತಾರೆ. 0.6 ಗುಣಿಸು 424, ಉತ್ತರ 255 ನ್ಯೂಟನ್. ಹಾಗಾದರೆ ಯೋಚನೆ ಮಾಡಿ. ಕೆಳಗೆ 245, ಮೇಲಕ್ಕೆ 255. ಮೇಲಕ್ಕೆ 10 ನ್ಯೂಟನ್ ಜಾಸ್ತಿ ಇದೆ. ಚೀಲ ತಾನಾಗಿಯೇ ಹಲಗೆ ಹತ್ತಿ ಲಾರಿಯೊಳಗೆ ಹೋಗಬೇಕಿತ್ತು! ಹಾಗೆ ಎಲ್ಲಾದರೂ ಆಗುತ್ತದಾ?

ಆ 255 ಅನ್ನುವುದು ಘರ್ಷಣೆ ಅಲ್ಲ. ಘರ್ಷಣೆಯ ಮೇಲ್ಮಿತಿ. ಹಲಗೆ ಅಷ್ಟರವರೆಗೆ ಕೊಡಬಲ್ಲದು, ಆದರೆ ಈಗ ಅಷ್ಟನ್ನೂ ಕೊಡುತ್ತಿಲ್ಲ. ಈಗ ಬೇಕಾಗಿರುವುದು 245, ಕೊಡುತ್ತಿರುವುದೂ 245. ಸ್ಥಿರ ಘರ್ಷಣೆ ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತದೆ. ಒಂದು ನ್ಯೂಟನ್ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಇದನ್ನು ಹಮಾಲರ ಕೈಯಲ್ಲೇ ನೋಡೋಣ. ಅವರು ಕೆಳಗಿನಿಂದ ಸುಮ್ನೆ 100 ನ್ಯೂಟನ್‌ನಷ್ಟು ಕೈ ಕೊಟ್ಟರು. ಈಗ ಘರ್ಷಣೆಗೆ ಉಳಿದ ಕೆಲಸ 145. ಅಷ್ಟಕ್ಕೇ ಇಳಿಯುತ್ತದೆ. ಅವರು 245 ಕೊಟ್ಟರೆ? ಘರ್ಷಣೆ ಸೊನ್ನೆ. ಒರಟು ಗೋಣಿ, ಒರಟು ಹಲಗೆ, 50 ಕೆಜಿ ಚೀಲ, ಆದರೂ ಘರ್ಷಣೆ ಸೊನ್ನೆ. 300 ಕೊಟ್ಟರೆ? ಈಗ ಚೀಲ ಮೇಲೆ ಹೋಗಲು ನೋಡುತ್ತದೆ. ಘರ್ಷಣೆ ದಿಕ್ಕು ಬದಲಿಸಿ 55 ನ್ಯೂಟನ್‌ನಷ್ಟು ಕೆಳಗೆ ಎಳೆಯುತ್ತದೆ. ಚೀಲ ಇನ್ನೂ ಅಲ್ಲೇ ನಿಂತಿದೆ. ನೋಡುವವರಿಗೆ ಏನೂ ಬದಲಾಗಿಲ್ಲ. ಒಳಗಿನ ಲೆಕ್ಕ ಮೂರು ಸಲ ಬದಲಾಯಿತು.

ಅದಕ್ಕೇ ನಿಂತ ವಸ್ತುವಿನ ಲೆಕ್ಕದಲ್ಲಿ ಘರ್ಷಣೆಯನ್ನು ಸೂತ್ರದಿಂದ ತೆಗೆಯಬಾರದು. ಮೊದಲು ಎಷ್ಟು ಬೇಕು ಅಂತ ಕಂಡುಹಿಡಿಯಿರಿ. ಆಮೇಲೆ ಮೇಲ್ಮಿತಿ ಲೆಕ್ಕ ಹಾಕಿ. ಬೇಕಾದದ್ದು ಮಿತಿಯ ಒಳಗಿದ್ದರೆ ವಸ್ತು ನಿಲ್ಲುತ್ತದೆ, ಬೇಕಾದಷ್ಟೇ ಘರ್ಷಣೆ. ಮಿತಿ ದಾಟಿದರೆ ಜಾರುತ್ತದೆ, ಆಗ ಬೇರೆ ಲೆಕ್ಕ.

ಈಗ ಒಂದು ಪ್ರಯೋಗ. ಇದು ಒಂದು ಮೀಟರ್ ಉದ್ದದ ಹಲಗೆ. ಮೇಲೆ ಒಂದು ಪುಸ್ತಕ ಇಟ್ಟೆ. ಒಂದು ತುದಿಯನ್ನು ನಿಧಾನ ಎತ್ತುತ್ತಿದ್ದೇನೆ. ಮುಂದಿನ ಸಾಲಿನ ನೀವು ಬಂದು ಸ್ಕೇಲ್ ಹಿಡಿಯಿರಿ. 30 ಸೆಂಟಿಮೀಟರ್, 40, ಹಾಂ, ಜಾರಿತು. ಎಷ್ಟು? 45. ಈಗ ಇದರ ಮೇಲೆ ಇನ್ನೆರಡು ಪುಸ್ತಕ ಇಟ್ಟು ಒಟ್ಟಿಗೆ ದಾರ ಕಟ್ಟುತ್ತೇನೆ. ಮೂರು ಪಟ್ಟು ತೂಕ. ಬೇಗ ಜಾರುತ್ತದೆ ಅನ್ನುವವರು ಕೈ ಎತ್ತಿ. ತಡವಾಗಿ ಅನ್ನುವವರು? ನೋಡೋಣ. 40, 43, 45. ಜಾರಿತು. ಅದೇ ಎತ್ತರ!

ತೂಕ ಮೂರು ಪಟ್ಟಾದಾಗ ಎಳೆತ ಮೂರು ಪಟ್ಟಾಯಿತು. ಒತ್ತು ಮೂರು ಪಟ್ಟಾಯಿತು, ಹಾಗಾಗಿ ಘರ್ಷಣೆಯ ಮಿತಿಯೂ ಮೂರು ಪಟ್ಟು. ಎರಡೂ ಕಡೆ ಒಂದೇ ಗುಣಕ, ಅದು ಹೊಡೆದು ಹೋಗುತ್ತದೆ. ಉಳಿಯುವುದು ಇಷ್ಟೇ: ಜಾರಲು ಶುರುವಾಗುವ ಕೋನದ ಟ್ಯಾನ್ ಅಂದರೆ ಮ್ಯೂ. ಟ್ಯಾನ್ ಅಂದರೆ ಎತ್ತರ ಭಾಗಿಸು ತಳ. ನಮ್ಮ ಹಲಗೆಗೆ ಎತ್ತರ 45, ತಳ ಸುಮಾರು 89. ಉತ್ತರ 0.5. ಲ್ಯಾಬ್ ಇಲ್ಲ, ತಕ್ಕಡಿ ಇಲ್ಲ. ಒಂದು ಹಲಗೆ, ಒಂದು ಸ್ಕೇಲ್‌ನಲ್ಲಿ ಗುಣಾಂಕ ಸಿಕ್ಕಿತು. ಮನೆಗೆ ಹೋಗಿ ಮಣೆ ಎತ್ತಿ ನೋಡಿ. ಮೇಲೆ ರಬ್ಬರ್ ಇಡಿ, ನಾಣ್ಯ ಇಡಿ, ಒಣ ಅಡಿಕೆಯ ಹಾಳೆ ಇಡಿ. ಪುಸ್ತಕವನ್ನು ಅಗಲಕ್ಕೆ ಇಟ್ಟರೂ, ಬೆನ್ನಿನ ಮೇಲೆ ನಿಲ್ಲಿಸಿದರೂ, ಮೈ ಒಂದೇ ತರಹ ನುಣುಪಾಗಿದ್ದರೆ ಹೆಚ್ಚು ಕಡಿಮೆ ಅದೇ ಕೋನ ಬರುತ್ತದೆ. ತಾಗುವ ಜಾಗ ದೊಡ್ಡದಾದರೆ ಹಿಡಿತ ಜಾಸ್ತಿ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗಲ್ಲ ಅಂತ ಫ್ರಾನ್ಸಿನ ಅಮೊಂಟೋನ್ಸ್ 1699ರಲ್ಲೇ ಹೇಳಿದರು.

ಜಾರಲು ಶುರುವಾದ ಮೇಲೆ ಏನಾಗುತ್ತದೆ? ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಕೊಟ್ಟಿಗೆ ಕಟ್ಟಿಸುತ್ತಿದ್ದರು. ಕರಾವಳಿ ಕಡೆಯಿಂದ ಚಿರೇಕಲ್ಲು ಬಂದಿತ್ತು. ಲಾರಿಯಿಂದ ಹಲಗೆಯ ಮೇಲೆ ಜಾರಿಸಿ ಇಳಿಸುತ್ತಿದ್ದರು. ಒಂದು ಕಲ್ಲು ನಡುವೆ ನಿಂತುಬಿಟ್ಟಿತು. ನಾನು ಹಲಗೆಯ ಪಕ್ಕದಲ್ಲಿದ್ದೆ. ಸ್ವಲ್ಪ ಸರಿಸೋಣ ಅಂತ ಕಾಲಿನಿಂದ ಮೆಲ್ಲಗೆ ತಟ್ಟಿದೆ. ಒಂದು ಗೇಣು ಹೋಗಿ ನಿಲ್ಲುತ್ತದೆ ಅಂದುಕೊಂಡಿದ್ದೆ. ಅದು ನಿಲ್ಲಲಿಲ್ಲ. ಹೋಗುತ್ತಾ ಹೋಗುತ್ತಾ ಜೋರಾಯಿತು. ಕೆಳಗೆ ಕಲ್ಲು ಜೋಡಿಸುತ್ತಿದ್ದ ದೊಡ್ಡಪ್ಪನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಕಪ್ಪಾಗಿ, ಆಮೇಲೆ ಬಿದ್ದೇ ಹೋಯಿತು. ಅವರು ನನಗೆ ಬೈಯಲಿಲ್ಲ. ಸಂಜೆ ಆಯಿ ಅರಿಶಿನ ಹಚ್ಚುವಾಗ ಒಂದೇ ಮಾತು ಹೇಳಿದರು: "ನಿಂತ ಕಲ್ಲೇ ಬೇರೆ, ಹೊರಟ ಕಲ್ಲೇ ಬೇರೆ, ತಮ್ಮಾ."

ಅವರು ಹೇಳಿದ್ದು ಪೂರ್ತಿ ಭೌತಶಾಸ್ತ್ರ. ಹೊರಟ ಮೇಲೆ ಘರ್ಷಣೆ ಕಡಿಮೆಯಾಗುತ್ತದೆ. ನಮ್ಮ ಚೀಲಕ್ಕೆ ಜಾರುವಾಗಿನ ಗುಣಾಂಕ 0.5 ಅಂತ ಇಡೋಣ. ಈಗ ಸೂತ್ರ ಧೈರ್ಯವಾಗಿ ಹಾಕಬಹುದು, ಯಾಕೆಂದರೆ ಚೀಲ ಜಾರುತ್ತಿದೆ. 0.5 ಗುಣಿಸು 424, ಅಂದರೆ 212 ನ್ಯೂಟನ್. ಕೆಳಗೆ 245, ಮೇಲಕ್ಕೆ 212. ಉಳಿದದ್ದು 33 ನ್ಯೂಟನ್. 50 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಅಂದರೆ ವೇಗ ಏರುವ ದರ, ಸೆಕೆಂಡಿಗೆ ಸೆಕೆಂಡಿಗೆ 0.66 ಮೀಟರ್. ಮೂರು ಮೀಟರ್ ಹಲಗೆ ಇಳಿಯಲು ಸುಮಾರು ಮೂರು ಸೆಕೆಂಡ್. ತಳ ಮುಟ್ಟುವಾಗ ವೇಗ ಸೆಕೆಂಡಿಗೆ ಎರಡು ಮೀಟರ್, ಗಂಟೆಗೆ ಏಳು ಕಿಲೋಮೀಟರ್ ಹತ್ತಿರ. ಕೇಳಲು ಏನೂ ಅಲ್ಲ ಅನಿಸುತ್ತದೆ. 50 ಕೆಜಿ ಆ ವೇಗದಲ್ಲಿ ಕಾಲಿನ ಮೇಲೆ ಬಂದರೆ ಗೊತ್ತಾಗುತ್ತದೆ.

ಮೇಲೆ ದೂಡುವಾಗ ಎಷ್ಟು ಬೇಕು? ಮೇಲೆ ಹೋಗುವಾಗ ಘರ್ಷಣೆ ಕೆಳಮುಖ. ಎಳೆತ ಮತ್ತು ಘರ್ಷಣೆ ಎರಡೂ ಒಂದೇ ಕಡೆ ಸೇರಿಕೊಳ್ಳುತ್ತವೆ. ಹೊರಡಿಸಲು 245 ಕೂಡಿಸು 255, ಒಟ್ಟು 500 ನ್ಯೂಟನ್. ಹೊರಟ ಮೇಲೆ 245 ಕೂಡಿಸು 212, ಅಂದರೆ 457. ಈಗ ಪಕ್ಕದಲ್ಲಿ 490 ಬರೆಯಿರಿ. ಅದು ನೇರವಾಗಿ ಎತ್ತಲು ಬೇಕಾದ ಬಲ. ನೋಡಿದಿರಾ? ಹಲಗೆ ಇದ್ದೂ ಉಳಿದದ್ದು ಸ್ವಲ್ಪವೇ. ಹೊರಡಿಸುವಾಗಂತೂ ನೇರ ಎತ್ತುವುದಕ್ಕಿಂತ ಜಾಸ್ತಿ.

ಇನ್ನೂ ಚಂದದ ಒಂದು ಸಂಗತಿ ಇದೆ. ಮನೆ ಕಟ್ಟುವ ಮೇಸ್ತ್ರಿಗಳು ಮೂಲೆ ಮಟ್ಟ ಸರಿ ಇದೆಯಾ ಅಂತ ಹೇಗೆ ನೋಡುತ್ತಾರೆ? ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಹಾಕಿ, ಓರೆಯಾಗಿ ಐದು ಅಡಿ ಬರುತ್ತದಾ ನೋಡುತ್ತಾರೆ. ಅದೇ ಆಕಾರದಲ್ಲಿ ಹಲಗೆ ಇಡಿ. ಎತ್ತರ ಮೂರು, ತಳ ನಾಲ್ಕು, ಹಲಗೆ ಐದು. ಸೈನ್ 0.6, ಕಾಸ್ 0.8. ಗುಣಾಂಕ 0.5 ಇದ್ದರೆ ದೂಡಲು ಬೇಕಾದ ಬಲ ತೂಕದ 0.6 ಕೂಡಿಸು 0.4, ಅಂದರೆ ಪೂರ್ತಿ ಒಂದು. ತೂಕಕ್ಕೆ ಸರಿಸಮ! ಹಲಗೆಯನ್ನು ಇದಕ್ಕಿಂತ ಕಡಿದಾಗಿ ಇಟ್ಟರೆ ಎತ್ತುವುದಕ್ಕಿಂತ ದೂಡುವುದೇ ಕಷ್ಟ. ಅದಕ್ಕೇ ಅನುಭವ ಇದ್ದವರು ಉದ್ದದ ಹಲಗೆ ಹುಡುಕುತ್ತಾರೆ. 15 ಡಿಗ್ರಿಗೆ ಇಳಿಸಿದರೆ, ಹೊರಟ ಚೀಲವನ್ನು ದೂಡಲು 364 ನ್ಯೂಟನ್ ಸಾಕು.

ಹಾಗಾದರೆ ಘರ್ಷಣೆ ಇಲ್ಲದಿದ್ದರೆ ಚೆನ್ನಾಗಿತ್ತಾ? ಮೊದಲು ಹೇಳಿದ ಹಮಾಲರನ್ನು ನೆನಪಿಸಿಕೊಳ್ಳಿ. ಅವರಿಗೆ ಕೈ ಬಿಟ್ಟು ಮುಖ ಒರೆಸಿಕೊಳ್ಳಲು ಸಾಧ್ಯವಾದದ್ದು ಘರ್ಷಣೆಯಿಂದ. ಚೀಲದ ಕೆಳಗೆ ಉರುಳೆ ಇಟ್ಟಿದ್ದರೆ ದೂಡಲು 245 ಸಾಕಾಗುತ್ತಿತ್ತು. ಆದರೆ ಕೊನೆಯವರೆಗೂ ಆ 245 ಅವರ ಕೈ ಮೇಲೇ ಇರುತ್ತಿತ್ತು. ಕಾರವಾರದ ಕಡಲ ದಂಡೆಯಲ್ಲಿ ದೋಣಿ ಎಳೆಯುವುದನ್ನು ನೋಡಿ. ದೋಣಿ ಮೇಲೆ ತರುವಾಗ ಅಡಿಗೆ ಮರದ ತುಂಡು ಹಾಕುತ್ತಾರೆ. ನಿಲ್ಲಿಸುವಾಗ ಅದು ಮರಳಿನ ಮೇಲೇ ಕೂರಬೇಕು. ಹತ್ತುವಾಗ ಘರ್ಷಣೆ ಬೇಡ, ನಿಲ್ಲುವಾಗ ಬೇಕು.

ನಿಮ್ಮಲ್ಲಿ ತೋಟದವರು ಜಾಸ್ತಿ ಇದ್ದೀರಿ. ಅಡಿಕೆ ಕೊಯ್ಯುವ ಕೊನೆಗೌಡರು ಮರದ ತುದಿಯಿಂದ ಅಡಿಕೆ ಕೊನೆಯನ್ನು, ಅಂದರೆ ಗೊನೆಯನ್ನು, ಹಗ್ಗದ ಮೇಲೆ ಬಿಡುವುದನ್ನು ಎಷ್ಟು ಸಲ ನೋಡಿಲ್ಲ! ಅದೂ ಇಳಿಜಾರೇ, ಹಲಗೆಯ ಬದಲು ಹಗ್ಗ. ಕೆಳಗೆ ಹಗ್ಗ ಹಿಡಿದವರು ಮರದ ಬುಡಕ್ಕೆ ಹತ್ತಿರ ನಿಂತರೆ ಇಳಿಜಾರು ಕಡಿದು, ಕೊನೆ ಗುಂಡಿನ ಹಾಗೆ ಬರುತ್ತದೆ. ತೀರಾ ದೂರ ನಿಂತರೆ ನಡುವೆಯೇ ನಿಲ್ಲುತ್ತದೆ. ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಗೊತ್ತು. ವೇಗೋತ್ಕರ್ಷ ಅಂದರೆ ಸೈನ್‌ನಿಂದ ಮ್ಯೂ ಗುಣಿಸು ಕಾಸ್ ಕಳೆದು, 9.8ರಿಂದ ಗುಣಿಸಿದ್ದು. ಅವರು ಆ ಸೂತ್ರವನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ. ಈ ಸಲ ಕೊಯ್ಲಿನಲ್ಲಿ ಹಗ್ಗದ ಬುಡದಿಂದ ಮರಕ್ಕೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ನೋಡಿ, ಮರದ ಎತ್ತರ ಕೇಳಿ, ಟ್ಯಾನ್ ತೆಗೆಯಿರಿ.

ಸಣ್ಣ ಇಳಿಜಾರಿನ ಲೆಕ್ಕ ಬೇರೆ ಥರ. ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ರೈಲು ಘಟ್ಟ ನೋಡಿದ್ದೀರಾ? ಅಲ್ಲಿ ಇಳಿಜಾರು 37ಕ್ಕೆ 1. 37 ಮೀಟರ್ ಹೋದರೆ ಒಂದು ಮೀಟರ್ ಏರಿಕೆ. ಕೋನ ಒಂದೂವರೆ ಡಿಗ್ರಿ ಅಷ್ಟೇ. ಕಣ್ಣಿಗೆ ಸಮತಟ್ಟು ಅನಿಸುತ್ತದೆ. ಒತ್ತು ತೂಕಕ್ಕೆ ಸಮ ಅಂತಲೇ ಇಟ್ಟುಕೊಳ್ಳಬಹುದು. ಆದರೆ 1000 ಟನ್ ರೈಲಿಗೆ 37ರಲ್ಲಿ ಒಂದು ಭಾಗ ಅಂದರೆ 27 ಟನ್ ತೂಕದಷ್ಟು ಹಿಂದಕ್ಕೆ ಎಳೆತ. ಎಂಜಿನ್ ಸುಮಾರು 120 ಟನ್. ಉಕ್ಕಿನ ಹಳಿ, ಉಕ್ಕಿನ ಗಾಲಿ, ಗುಣಾಂಕ ಒಣಗಿದ್ದಾಗ 0.25ರ ಆಸುಪಾಸು. ಗಾಲಿ ಜಾರದೆ ಎಳೆಯಬಲ್ಲದ್ದು ಹೆಚ್ಚೆಂದರೆ 30 ಟನ್ ತೂಕದಷ್ಟು. ಎಂಜಿನ್ನಿಗೆ ಎಷ್ಟೇ ಶಕ್ತಿ ಇರಲಿ, ಹಳಿಯ ಹಿಡಿತಕ್ಕಿಂತ ಜಾಸ್ತಿ ಎಳೆಯಲಾಗದು. ಮಳೆ ಬಂದರೆ ಆ ಹಿಡಿತವೂ ಇಳಿಯುತ್ತದೆ. ಅದಕ್ಕೇ ಭಾರದ ರೈಲಿಗೆ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ. ಗಾಲಿಯ ಮುಂದೆ ಹಳಿಗೆ ಮರಳು ಬೀಳುವ ವ್ಯವಸ್ಥೆ ಎಂಜಿನ್ನಿನಲ್ಲೇ ಇರುತ್ತದೆ. ಇಲ್ಲಿ ರೈಲನ್ನು ಮುಂದೆ ತಳ್ಳುತ್ತಿರುವುದೇ ಘರ್ಷಣೆ. ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ ಅಂತ ಬರೆಯುವ ಅಭ್ಯಾಸ ಬಿಡಿ.

ಅರಬೈಲ್ ಘಟ್ಟ ಇಳಿಯುವ ಲಾರಿಯದ್ದೂ ಒಂದು ಮಾತು. 16 ಟನ್ ಲಾರಿ ನೂರು ಮೀಟರ್ ಕೆಳಗೆ ಇಳಿದರೆ ಒಂದೂವರೆ ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಬ್ರೇಕಿನಲ್ಲೇ ಹೋದರೆ ಅದು 50 ಲೀಟರ್ ನೀರನ್ನು ಕುದಿ ಬರಿಸುವಷ್ಟು ಬಿಸಿ. ಡ್ರೈವರುಗಳು ಹತ್ತುವ ಗೇರಿನಲ್ಲೇ ಇಳಿಯುವುದು ಅದಕ್ಕೆ. ಬಿಸಿಯ ಪಾಲನ್ನು ಎಂಜಿನ್ ತೆಗೆದುಕೊಳ್ಳಲಿ ಅಂತ.

ಇನ್ನು ಕೊನೆಯದು. ಇದನ್ನು ಹೇಳಲಿಕ್ಕೇ ನಾನು ಇವತ್ತು ಒಪ್ಪಿಕೊಂಡು ಬಂದದ್ದು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಚಹಾ ಕುಡಿಯಲು ನಿಂತವರು, ಲಾರಿ ನಿಲ್ಲಿಸಿ ಮಲಗಿದವರು, ಅಲ್ಲೇ ಬದುಕುತ್ತಿದ್ದವರು ಮಣ್ಣಿನಡಿ, ಗಂಗಾವಳಿ ನದಿಯೊಳಗೆ ಹೋದರು. ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಜಾರಿ ಹೋದದ್ದು ನಿಮಗೆಲ್ಲ ಗೊತ್ತು. ಇಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆ ಹಿಂದೆ ದರೆ, ಅಂದರೆ ಗುಡ್ಡ ಕಡಿದು ಉಳಿದ ಕಡಿದಾದ ಬದಿ, ಇದೆ. ಆ ದರೆಯೂ ನಮ್ಮ ಹಲಗೆಯೇ. ಮೇಲಿನ ಮಣ್ಣು ನಮ್ಮ ಚೀಲ.

ಮಳೆ ಬಂದಾಗ ಮಣ್ಣು ಭಾರವಾಗಿ ಜಾರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈಗಷ್ಟೇ ಮೂರು ಪುಸ್ತಕ ಕಟ್ಟಿ ನೋಡಿದೆವು. ಬರೀ ಭಾರ ಜಾಸ್ತಿಯಾದರೆ ಕೋನ ಬದಲಾಗುವುದಿಲ್ಲ. ಹಾಗಾದರೆ ಮಳೆ ಮಾಡುವುದೇನು?

ಬಾವಿಯಿಂದ ಕೊಡಪಾನ ಸೇದುವುದನ್ನು ನೆನಪು ಮಾಡಿಕೊಳ್ಳಿ. ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರ. ನೀರಿನಿಂದ ಹೊರಗೆ ಬಂದ ಕೂಡಲೇ ಹಗ್ಗ ಭಾರವಾಗುತ್ತದೆ. ನೀರು ಅದನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಒಂದೊಂದು ಮಣ್ಣಿನ ಕಣವನ್ನೂ ನೀರು ಹಾಗೇ ಎತ್ತಿ ಹಿಡಿಯುತ್ತದೆ. ಕಣ ಕಣಕ್ಕೆ ಒತ್ತಿಕೊಳ್ಳುವ ಬಲ ಕಡಿಮೆಯಾಗುತ್ತದೆ. ಒತ್ತು ಇಳಿದರೆ ಘರ್ಷಣೆಯ ಮಿತಿ ಇಳಿಯಿತು. ಆದರೆ ಕೆಳಗೆ ಎಳೆಯುವ ಭಾಗ ಇಳಿಯಲಿಲ್ಲ. ಅದು ಮಣ್ಣು ಮತ್ತು ನೀರಿನ ಪೂರ್ತಿ ತೂಕದ್ದು.

ಲೆಕ್ಕ ಹಾಕೋಣ. ನೀರು ಕುಡಿದ ಒಂದು ಘನ ಮೀಟರ್ ಮಣ್ಣು ಸುಮಾರು 2000 ಕೆಜಿ. ಅಷ್ಟೇ ಜಾಗದ ನೀರು 1000 ಕೆಜಿ. ಇಳಿಜಾರಿನ ಉದ್ದಕ್ಕೂ ನೀರು ತುಂಬಿ ಹರಿಯುತ್ತಿದ್ದರೆ ಎಳೆತ 2000ದ್ದು, ಒತ್ತು 1000ದ್ದು ಮಾತ್ರ. ಒಣಗಿದ್ದಾಗ 30 ಡಿಗ್ರಿಯವರೆಗೆ ನಿಲ್ಲುತ್ತಿದ್ದ ಮರಳುಮಣ್ಣಿಗೆ ಟ್ಯಾನ್ 0.58. ಈಗ ಅದು ಅರ್ಧ, 0.29. ಕೋನ ಎಷ್ಟು? 16 ಡಿಗ್ರಿ. ನಿನ್ನೆಯವರೆಗೆ 25 ಡಿಗ್ರಿಯಲ್ಲಿ ಗಟ್ಟಿ ನಿಂತಿದ್ದ ಗುಡ್ಡ ಇವತ್ತು ಜಾರುವ ಗುಡ್ಡ. ನಮ್ಮ ಮಣ್ಣಿನಲ್ಲಿ ಅಂಟು ಇರುತ್ತದೆ, ಮರದ ಬೇರು ಹಿಡಿದಿರುತ್ತದೆ. ಹಾಗಾಗಿ ಗುಡ್ಡಗಳು ಈ ಲೆಕ್ಕಕ್ಕಿಂತ ಜಾಸ್ತಿ ತಡೆದುಕೊಳ್ಳುತ್ತವೆ. ಮರ ಕಡಿದರೆ ಆ ಹಿಡಿತ ಹೋಯಿತು. ರಸ್ತೆಗೋ ಮನೆಗೋ ಬುಡ ಕಡಿದರೆ ಕೋನವೇ ಹೆಚ್ಚಾಯಿತು, ಕೆಳಗಿನಿಂದ ಕೊಟ್ಟ ಆಧಾರವೂ ಹೋಯಿತು.

ಒಮ್ಮೆ ಹೊರಟರೆ ಏನಾಗುತ್ತದೆ ಅಂತ ದೊಡ್ಡಪ್ಪ ಹೇಳಿದ್ದಾರೆ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: "ಹಾಗಾದರೆ ನಾವು ಮಾಡುವುದೇನು? ದರೆ ತೆಗೆದು ಆಗಿದೆ, ಮನೆ ಕಟ್ಟಿ ಆಗಿದೆ." ಅಕ್ಕಾ, ಸಮೀಕರಣದಲ್ಲಿ ಕೋನ ನಿಮ್ಮ ಕೈಯಲ್ಲಿ ಈಗ ಇಲ್ಲ. ನೀರು ಇದೆ. ಮಳೆಗಾಲಕ್ಕೆ ಮುಂಚೆ ದರೆಯ ಮೇಲ್ಗಡೆ ಕಾಲುವೆ ತೆಗೆದು, ಮೇಲಿನ ನೀರು ಪಕ್ಕಕ್ಕೆ ಹೋಗುವ ಹಾಗೆ ಮಾಡಿ. ಕೆಳಗೆ ಗೋಡೆ ಕಟ್ಟಿಸಿದ್ದರೆ ಅದರಲ್ಲಿ ನೀರು ಹೊರಗೆ ಬರಲು ತೂತು ಬಿಡಿಸಿ. ತೂತು ಇಲ್ಲದ ಗೋಡೆ ನೀರನ್ನು ಹಿಂದೆ ಕಟ್ಟಿ ನಿಲ್ಲಿಸುತ್ತದೆ. ಆಷಾಢದ ಮಳೆಯಲ್ಲಿ ದಿನಾ ಒಂದು ಸಲ ಮೇಲೆ ಹತ್ತಿ ನೋಡಿ. ಅಂಚಿಗೆ ಸಮಾನಾಂತರವಾಗಿ ಬಿರುಕು ಬಿಟ್ಟಿದೆಯಾ? ನೆಟ್ಟಗಿದ್ದ ಮರ ವಾಲಿದೆಯಾ? ಬುಡದಲ್ಲಿ ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪು ಕದಡಾಗಿದೆಯಾ? ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ದರೆಯ ಕಡೆಯ ಕೋಣೆಯಲ್ಲಿ ಮಕ್ಕಳನ್ನಂತೂ ಮಲಗಿಸಲೇಬೇಡಿ. ಬಿರುಕು ಕಂಡ ದಿನ ಆ ಗುಡ್ಡದ ಲೆಕ್ಕದಲ್ಲಿ 245ಕ್ಕೂ 255ಕ್ಕೂ ನಡುವೆ ಇದ್ದ ಹತ್ತು ನ್ಯೂಟನ್ ಮುಗಿದಿದೆ.